ಗ್ರಾನೋಲಾ ತಿಂದು ನೋಡಿದೆ, ಬೀಜ ಎಲ್ಲಿಯದು ಅಂತಲೂ ಕೇಳಿದೆ

ನೀರ್ಚಾಲು ತೋಟದಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮಗಳು ಬೆಂಗಳೂರಿನಿಂದ ಬರುವಾಗ ಒಂದು ಪ್ಯಾಕೆಟ್ ಗ್ರಾನೋಲಾ ತಂದಿದ್ದಳು. ಸಣ್ಣ ಕಂಪನಿಯದ್ದು. ಹೆಸರು ಹಾಕುವುದಿಲ್ಲ, ಜಾಹೀರಾತು ಅಂತ ಯಾರೂ ಅಂದುಕೊಳ್ಳುವುದು ಬೇಡ. ಹುರಿಯುವುದು, ಬೆರೆಸುವುದು, ತುಂಬುವುದು ಎಲ್ಲ ಹೆಂಗಸರೇ ಮಾಡುತ್ತಾರಂತೆ. ಲಾಭದಲ್ಲಿ ಒಂದು ಪಾಲು ಮಕ್ಕಳ ಬೆಳಗ್ಗಿನ ಊಟಕ್ಕೆ ಹೋಗುತ್ತದೆ ಅಂತ ಪ್ಯಾಕೆಟಿನ ಮೇಲೆ ಬರೆದಿದೆ.

ಗ್ರಾನೋಲಾ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಟ್ಸ್, ಗೇರುಬೀಜ, ಬಾದಾಮಿ, ಕುಂಬಳ ಬೀಜ, ಒಣ ಕೊಬ್ಬರಿ ಚೂರು. ಇವಕ್ಕೆ ಬೆಲ್ಲ, ಜೇನು, ಎಣ್ಣೆ ಸವರಿ ಓವನ್‌ನಲ್ಲಿ ಸಣ್ಣ ಉರಿಗೆ ಬೇಯಿಸಿರುತ್ತಾರೆ. ಆಮೇಲೆ ಗಟ್ಟಿ ಗಟ್ಟಿ ಉಂಡೆಯ ಹಾಗೆ ಆಗುತ್ತದೆ. ಹಾಲಿಗೋ ಮೊಸರಿಗೋ ಹಾಕಿ ತಿನ್ನುವುದು.

ಪ್ಯಾಕೆಟ್ ಬಿಚ್ಚಿದ ಕೂಡಲೇ ಬಂದದ್ದು ದಾಲ್ಚಿನ್ನಿ ಪರಿಮಳ. ಅದರ ಹಿಂದೆ ಬೆಲ್ಲ ಕಾಯಿಸಿದ ವಾಸನೆ, ನವರಾತ್ರಿ ಹೊತ್ತಿಗೆ ಅಡುಗೆಮನೆಯಲ್ಲಿ ಬರುತ್ತದಲ್ಲ, ಅದೇ. ಮೊದಲ ದಿನ ಹಾಲಿಗೆ ಹಾಕಿದೆ. ಎರಡು ನಿಮಿಷದಲ್ಲಿ ಮೆತ್ತಗಾಯಿತು, ನನಗೆ ಹಿಡಿಸಲಿಲ್ಲ. ಮರುದಿನ ಗಟ್ಟಿ ಮೊಸರು, ಕದಳಿ ಬಾಳೆಹಣ್ಣು ಕೊಚ್ಚಿ ಹಾಕಿ, ಮೇಲಿನಿಂದ ಒಂದು ಮುಷ್ಟಿ ಉದುರಿಸಿದೆ. ಆಗ ಗೊತ್ತಾಯಿತು ಇದರ ರುಚಿ. ಮೊಸರಿನ ಹುಳಿ, ಬೆಲ್ಲದ ಸಿಹಿ, ಹಲ್ಲಿಗೆ ಸಿಗುವ ಬೀಜ. ಮಾವನವರು ಬಾಯಿಗೆ ಹಾಕಿ ಅಗಿದು, "ಎಳ್ಳುಂಡೆ ಪುಡಿ ಮಾಡಿದ ಹಾಗೆ ಉಂಟು, ಒಳ್ಳೆದುಂಟು" ಅಂದರು. ಅವರು ಹೊಸ ತಿಂಡಿಯನ್ನು ಹೊಗಳುವುದು ಅಪರೂಪ.

300 ಗ್ರಾಂಗೆ 390 ರೂಪಾಯಿ. ಸಲಕ್ಕೆ 40 ಗ್ರಾಂ ತಿಂದರೆ ಒಂದು ಸಲಕ್ಕೆ 52 ರೂಪಾಯಿ ಬೀಳುತ್ತದೆ. ನೀವು ಯಾರಾದರೂ ಇಂಥದ್ದು ತಿನ್ನುತ್ತೀರಾ? ಮಾವನವರಿಗೆ ಶುಗರ್ ಇದೆ, ಅವರಿಗೆ ಕೊಡಬಹುದಾ?

ಉಪ್ಪಳದಿಂದ

ಅಕ್ಕಾ, 52 ರೂಪಾಯಿಗೆ ನಮ್ಮ ಮನೆಯಲ್ಲಿ ನಾಲ್ಕು ಜನ ಸಜ್ಜಿಗೆ ಅವಲಕ್ಕಿ ತಿಂದು ಚಹಾ ಕುಡಿಯುತ್ತೇವೆ. ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿ ಕಲಸಿದ ಅವಲಕ್ಕಿಗಿಂತ ಇದರಲ್ಲಿ ಏನು ಜಾಸ್ತಿ ಇದೆ? ಬೇಸರ ಮಾಡಿಕೊಳ್ಳಬೇಡಿ, ತಿಳಿದುಕೊಳ್ಳಲಿಕ್ಕೇ ಕೇಳುತ್ತಿದ್ದೇನೆ.

ಕುಂಬಳೆ ನಿವೃತ್ತ ಮೇಷ್ಟ್ರು

ಉಪ್ಪಳದವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಮೊದಲು ಇದು ಹುಟ್ಟಿದ ಕತೆ ಹೇಳಿಬಿಡುತ್ತೇನೆ, ನನಗೆ ಇಷ್ಟದ ವಿಷಯ. 1863ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು ಒಂದು ಆರೋಗ್ಯಧಾಮ ನಡೆಸುತ್ತಿದ್ದರು. ಅಲ್ಲಿಯ ರೋಗಿಗಳಿಗಾಗಿ ಇಡೀ ಗೋಧಿಯ ಹಿಟ್ಟನ್ನು ಬೇಯಿಸಿ, ಒಡೆದು, ಮತ್ತೆ ಬೇಯಿಸಿ ಒಂದು ತಿಂಡಿ ಮಾಡಿದರು. ಹೆಸರು ಗ್ರಾನ್ಯುಲಾ. ಅದು ಎಷ್ಟು ಗಟ್ಟಿ ಅಂದರೆ ರಾತ್ರಿ ಹಾಲಿನಲ್ಲಿ ನೆನೆಹಾಕಿ ಬೆಳಗ್ಗೆ ತಿನ್ನಬೇಕಿತ್ತು. ಆಮೇಲೆ ಜಾನ್ ಹಾರ್ವಿ ಕೆಲ್ಲಾಗ್ ಕೂಡ ಅದೇ ತರಹದ್ದು ಮಾಡಿದರು, ಹೆಸರಿನ ತಕರಾರು ಬಂದು ಗ್ರಾನೋಲಾ ಅಂತ ಬದಲಾಯಿಸಿಕೊಂಡರು. ಈಗಿನ ಓಟ್ಸ್, ಜೇನು, ಬೀಜದ ಗ್ರಾನೋಲಾ ಹರಡಿದ್ದು 1960ರ ದಶಕದ ನಂತರ.

ಅಂದರೆ ಮೊದಲಿನಿಂದಲೂ ಇದು ಒಂದು ಉದ್ದೇಶ ಇಟ್ಟುಕೊಂಡು ಮಾಡಿದ ತಿಂಡಿ. ಆ ಉದ್ದೇಶ ಪ್ಯಾಕೆಟಿನ ಒಳಗೂ ಇದೆಯಾ ಅಂತ ನೋಡಬೇಕು. ಅಕ್ಕನವರು ಹಿಂಬದಿಯ ಪಟ್ಟಿ ಓದಿ ಹಾಕಲಿ. ಯಾವ ವಸ್ತು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಮ್ಮ ದೇಶದ ನಿಯಮವಿದೆ. ಹಾಕಿದ ಸಕ್ಕರೆ ಎಷ್ಟು ಅಂತ ಬೇರೆಯಾಗಿಯೂ ಬರೆಯಬೇಕು.

ನೀರ್ಚಾಲು ತೋಟದಮನೆ

ಮೇಷ್ಟ್ರೇ, ಕನ್ನಡಕ ಹಾಕಿಕೊಂಡು ಓದಿದೆ. ಅಕ್ಷರ ಸಾಸಿವೆಗಿಂತ ಸಣ್ಣದು. ಓಟ್ಸ್ ಶೇ. 40. ಆಮೇಲೆ ಗೇರುಬೀಜ, ಬೆಲ್ಲ, ಬಾದಾಮಿ, ಕುಂಬಳ ಬೀಜ, ತೆಂಗಿನೆಣ್ಣೆ, ಕೊಬ್ಬರಿ, ಜೇನು, ದಾಲ್ಚಿನ್ನಿ, ಉಪ್ಪು. ಅಷ್ಟೇ. ಅರ್ಥವಾಗದ ಹೆಸರು ಒಂದೂ ಇಲ್ಲ. 100 ಗ್ರಾಂಗೆ 470 ಕ್ಯಾಲರಿ, ಪ್ರೊಟೀನ್ 11 ಗ್ರಾಂ, ಹಾಕಿದ ಸಕ್ಕರೆ 14 ಗ್ರಾಂ.

ಬದಿಯಡ್ಕ ನರ್ಸಮ್ಮ

ನಾನು ಶುಗರ್ ಇರುವವರ ಜೊತೆ ದಿನಾ ಕೆಲಸ ಮಾಡುವವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

14 ಗ್ರಾಂ ಅಂದರೆ 40 ಗ್ರಾಂ ತಿಂದಾಗ 5.6 ಗ್ರಾಂ. ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಗಿಂತ ಸ್ವಲ್ಪ ಜಾಸ್ತಿ. ಇದು ಕೆಟ್ಟ ಲೆಕ್ಕ ಅಲ್ಲ. ಆದರೆ "ಬೆಲ್ಲ ಅಲ್ವಾ, ಜೇನು ಅಲ್ವಾ, ಏನೂ ಆಗುವುದಿಲ್ಲ" ಅನ್ನುವ ಮಾತು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಲ್ಲಿ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ದಿನದ ಶಕ್ತಿಯಲ್ಲಿ ಅಂಥ ಸಕ್ಕರೆ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತ. ಶೇ. 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ.

ಇನ್ನೊಂದು. ಓಟ್ಸ್ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಿಂದ ಆಗುವ ಪ್ರಯೋಜನ ಅದು, ನಿಜವೇ. ಆದರೆ ಅದು ದಿನಕ್ಕೆ 3 ಗ್ರಾಂ ಬೇಕು. ಓಟ್ಸಿನಲ್ಲಿ ಅದು ಇರುವುದು ಶೇ. 4ರ ಆಸುಪಾಸು. ಅಕ್ಕನ 40 ಗ್ರಾಂ ಗ್ರಾನೋಲಾದಲ್ಲಿ ಓಟ್ಸ್ 16 ಗ್ರಾಂ ಮಾತ್ರ. ನಾರು ಒಂದು ಗ್ರಾಂ ಕೂಡ ಬರಲಿಲ್ಲ. ಹಾಗಾಗಿ ಮದ್ದು ಅಂತ ತಿನ್ನಬೇಡಿ, ಒಳ್ಳೆಯ ತಿಂಡಿ ಅಂತ ತಿನ್ನಿ.

ಮಾವನವರಿಗೆ ಕೊಡುವುದಾದರೆ ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಕೊಟ್ಟರೂ ಮೊದಲು ತೂಕ ಮಾಡಿ, ಮೊಸರಿನ ಜೊತೆ ಕೊಡಿ. ಡಬ್ಬಿಯನ್ನು ಅವರ ಕೈಗೆ ಕೊಡಬೇಡಿ. ನನ್ನ ಅಪ್ಪನಿಗೆ ಕೊಟ್ಟು ನೋಡಿದ್ದೇನೆ, ಟಿವಿ ಮುಂದೆ ಕೂತು ಅರ್ಧ ಡಬ್ಬಿ ಖಾಲಿ ಮಾಡಿದ್ದರು.

ಅಕ್ಕಲಕೋಟೆಯವ

ಸೊಲ್ಲಾಪುರ ಜಿಲ್ಲೆಯಿಂದ ಶರಣು. ನಿಮ್ಮ ಮಾತು ಓದುತ್ತಾ ನಾಗರ ಪಂಚಮಿ ನೆನಪಾಯಿತು. ನಮ್ಮಲ್ಲಿ ಜೋಳ ಹುರಿದು ಅಳ್ಳು ಮಾಡುತ್ತಾರೆ, ಅಳ್ಳಿಟ್ಟು, ತಂಬಿಟ್ಟು, ಶೇಂಗಾ ಉಂಡಿ. ಧಾನ್ಯ ಹುರಿಯುವುದು, ಬೆಲ್ಲದ ಪಾಕ ಹಿಡಿಯುವುದು, ಕೊಬ್ಬರಿ ಶೇಂಗಾ ಸೇರಿಸುವುದು. ಗ್ರಾನೋಲಾದ ಕೆಲಸವೇ ಅಲ್ವಾ? ನನ್ನ ತಂಗಿ ಪುಣೆಯಲ್ಲಿ ಬೆಳಗ್ಗೆ 7ಕ್ಕೆ ಮನೆ ಬಿಡುತ್ತಾಳೆ. ಉಂಡಿ ಕಟ್ಟಲಿಕ್ಕೆ ಅವಳಿಗೆ ಹೊತ್ತಿಲ್ಲ. ಅವಳಂಥವರು ಬಿಸ್ಕತ್ತು ಬಿಟ್ಟು ಇದನ್ನು ತಿಂದರೆ ನನಗೆ ಸಂತೋಷವೇ. ಉಪ್ಪಳದ ಅಣ್ಣ ಅವಲಕ್ಕಿಗೆ ಹೋಲಿಸಿದರು. ಪ್ಯಾಕೆಟ್ ಬಿಸ್ಕತ್ತಿಗೆ ಹೋಲಿಸಿ ನೋಡಬೇಕು ಅನ್ನುವುದು ನನ್ನ ಮಾತು.

ತಾಳವಾಡಿ ರಾಗಿ ಹೊಲ

ಈರೋಡು ಜಿಲ್ಲೆಯ ಕನ್ನಡದವರು ನಾವು. 2023ನ್ನು ಸಿರಿಧಾನ್ಯಗಳ ವರ್ಷ ಅಂತ ಇಡೀ ಜಗತ್ತು ಆಚರಿಸಿತು. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ನಮ್ಮ ಅವ್ವ ರಾಗಿಯನ್ನು ಅರಳಿಸಿ ಹುರಿಹಿಟ್ಟು ಮಾಡಿ, ಬೆಲ್ಲ ಕಾಯಿ ಹಾಕಿ ಕೊಡುತ್ತಿದ್ದಳು. ಒಳ್ಳೆಯ ಉದ್ದೇಶದ ಕಂಪನಿ ಅಂದರೆ ತಂಪು ದೇಶದ ಓಟ್ಸ್ ಬದಲು ನಮ್ಮ ರಾಗಿ, ನವಣೆ, ಸಜ್ಜೆ ಯಾಕೆ ಹಾಕಬಾರದು? ನಮ್ಮ ರೈತರ ಕೈಗೂ ನಾಲ್ಕು ಕಾಸು ಬರುತ್ತದೆ.

ಮಂಜೇಶ್ವರ, ಬೀಜದ ಕೆಲಸ

ನಾನು ಬರೆಯುವುದು ಕಡಿಮೆ. ಗೇರುಬೀಜ ಎರಡನೆಯ ಹೆಸರು ಅಂತ ನೋಡಿ ಬರೆಯಬೇಕು ಅನ್ನಿಸಿತು. ಹತ್ತೊಂಬತ್ತು ವರ್ಷ ಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದೇನೆ, ಮೊದಲು ಸಿಪ್ಪೆ ತೆಗೆಯುವುದರಲ್ಲಿ, ಆಮೇಲೆ ಗ್ರೇಡಿಂಗ್‌ನಲ್ಲಿ.

ನೀವು ಅಂಗಡಿಯಲ್ಲಿ 320 ಅಂತ ಕೇಳುತ್ತೀರಲ್ಲ, ಅದು ಒಂದು ಪೌಂಡಿಗೆ ಎಷ್ಟು ಇಡೀ ಬೀಜ ಅನ್ನುವ ಲೆಕ್ಕ. 240 ಅಂದರೆ ಬೀಜ ದೊಡ್ಡದು, ರೇಟು ಜಾಸ್ತಿ. ಗ್ರಾನೋಲಾಕ್ಕೆ ಹಾಕುವುದು ಹೆಚ್ಚಾಗಿ ತುಂಡು. ತುಂಡು ಅಂತ ಕೀಳು ಮಾಡಬೇಡಿ, ರುಚಿ ಒಂದೇ. ಬೀಜ ಒಡೆಯುವಾಗ ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ಕೈ ಸುಡುತ್ತದೆ, ಚರ್ಮ ಕಪ್ಪಾಗಿ ಸುಲಿಯುತ್ತದೆ. ನನ್ನ ಅಮ್ಮ ಕೈಗೆ ಬೂದಿ ಹಚ್ಚಿಕೊಂಡು ಒಡೆಯುತ್ತಿದ್ದರು. ಅವರ ಬೆರಳಿನ ತುದಿಯಲ್ಲಿ ಗೆರೆಯೇ ಇರಲಿಲ್ಲ. ರೇಷನ್ ಕಾರ್ಡಿಗೆ ಬೆರಳಚ್ಚು ಕೊಡುವಾಗ ಮೂರು ಮೂರು ಸಲ ಒತ್ತಿಸುತ್ತಿದ್ದರು.

ಹೆಂಗಸರೇ ಮಾಡಿದ್ದು ಅಂತ ಪ್ಯಾಕೆಟಿನಲ್ಲಿ ಬರೆದದ್ದು ಒಳ್ಳೆಯದು. ಬೀಜ ಒಡೆದದ್ದೂ ಹೆಂಗಸರೇ. ಅದು ಎಲ್ಲಿಯ ಬೀಜ, ಎಲ್ಲಿ ಒಡೆದದ್ದು ಅಂತ ಕಂಪನಿಯವರನ್ನು ಕೇಳುತ್ತೀರಾ ಅಕ್ಕಾ? ನಮ್ಮಲ್ಲಿ ಬರುತ್ತಿದ್ದ ಕಚ್ಚಾ ಬೀಜದ ಮೂಟೆಗಳಲ್ಲಿ ತುಂಬಾ ಆಫ್ರಿಕಾದ ದೇಶಗಳದ್ದೇ ಇರುತ್ತಿತ್ತು.

ನೀರ್ಚಾಲು ತೋಟದಮನೆ

ನಿಮ್ಮ ಅಮ್ಮನ ಬೆರಳಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಇದನ್ನು ಮೊದಲೇ ಕೇಳಬೇಕಿತ್ತು. ಯಾಕೆ ಅಂತ ಹೇಳುತ್ತೇನೆ.

ನನ್ನ ತವರು ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ. ಮನೆಯ ಹಿಂದಿನ ಗುಡ್ಡ ಪೂರಾ ಗೇರುತೋಟ. ನಾನು ಶಾಲೆಗೆ ಹೋಗುವ ಕಾಲಕ್ಕೆ ಹೂ ಬಿಡುವ ಸಮಯದಲ್ಲಿ ಹೆಲಿಕಾಪ್ಟರ್ ಬರುತ್ತಿತ್ತು. ಚಹಾ ಸೊಳ್ಳೆ ಅನ್ನುವ ಗೇರಿನ ಕೀಟಕ್ಕೆ ಮದ್ದು ಬಿಡುವುದು ಅಂತ ಹೇಳುತ್ತಿದ್ದರು. ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅಮ್ಮ ತೆಂಗಿನ ಮಡಲು ಎಳೆದು ತಂದು ಬಾವಿ ಮುಚ್ಚುತ್ತಿದ್ದರು, ಒಂದರ ಮೇಲೊಂದು. ಮಡಲಿನ ಸಂದಿನಲ್ಲಿ ಹನಿ ಇಳಿಯುತ್ತದೆ ಅಂತ ಅವರಿಗೂ ಗೊತ್ತಿತ್ತು. ಆದರೆ ಮುಚ್ಚಲಿಕ್ಕೆ ಬೇರೆ ಏನಿತ್ತು? ಅಜ್ಜನ ಜೇನುಪೆಟ್ಟಿಗೆ ಎಂಟು ಇದ್ದವು. ಒಂದು ವರ್ಷ ಎಲ್ಲವೂ ಖಾಲಿ. ಪೆಟ್ಟಿಗೆ ಮುಂದೆ ಸತ್ತ ಹುಳಗಳನ್ನು ಅಜ್ಜ ಹಿಡಿಸೂಡಿಯಲ್ಲಿ ಗುಡಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಮದ್ದು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಅದನ್ನು ಮೇಲಿನಿಂದ ಸುರಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ಪರಿಹಾರ ಕೊಡಬೇಕು ಅಂತ ಅದೇ ಕೋರ್ಟು ಹೇಳಿತು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳ ಮಗ ಇವತ್ತಿಗೂ ಹಾಸಿಗೆಯಲ್ಲೇ ಇದ್ದಾನೆ.

ದಯವಿಟ್ಟು ತಪ್ಪು ತಿಳಿಯಬೇಡಿ, ನಮ್ಮ ಊರಿನ ಬೀಜ ಈಗ ತಿನ್ನಬಾರದು ಅಂತ ನಾನು ಹೇಳುತ್ತಿಲ್ಲ. ಆ ಸಿಂಪಡಣೆ ನಿಂತು ಎರಡು ದಶಕ ದಾಟಿತು. ಆದರೆ ಗೇರುಬೀಜ, ಜೇನು ಎರಡೂ ಇರುವ ತಿಂಡಿ ಕೈಗೆ ಬಂದಾಗ ಎಲ್ಲಿಯದು, ಯಾವ ಮದ್ದು ಬಿಟ್ಟದ್ದು ಅಂತ ಬೇರೆ ಯಾರು ಕೇಳದಿದ್ದರೂ ನಮ್ಮ ಜಿಲ್ಲೆಯವರು ಕೇಳಬೇಕು. ಇವತ್ತೇ ಬರೆಯುತ್ತೇನೆ.

ಉಪ್ಪಳದಿಂದ

ಅಕ್ಕಾ, ಕೇಳಿ. ಲಾಭದಲ್ಲಿ "ಒಂದು ಪಾಲು" ಅಂದರೆ ಎಷ್ಟು ಅಂತಲೂ ಕೇಳಿ. ರೂಪಾಯಿಗೆ ಹತ್ತು ಪೈಸೆಯಾ, ಒಂದು ಪೈಸೆಯಾ?

ಕುಂಬಳೆ ನಿವೃತ್ತ ಮೇಷ್ಟ್ರು

ಎರಡೂ ಪ್ರಶ್ನೆ ಒಂದೇ ಪತ್ರದಲ್ಲಿ ಹೋಗಲಿ. ಬೈಯುವುದು ಬೇಡ, ಹೊಗಳುವುದೂ ಬೇಡ. ನೀವು ಮೇಲೆ ಬರೆದ ನಾಲ್ಕು ಸಾಲು, ಬಾವಿ ಮುಚ್ಚಿದ್ದು, ಅದನ್ನು ಹಾಗೆಯೇ ಬರೆಯಿರಿ.

ಮಡಕಶಿರಾದಿಂದ

ಆಂಧ್ರದ ಗಡಿಯಲ್ಲಿರುವವಳು. ನಮ್ಮ ಕಡೆ ಶೇಂಗಾ ಜಾಸ್ತಿ. ಇವತ್ತು ಮನೆಯಲ್ಲೇ ಮಾಡಿ ನೋಡಿದೆ. ಓವನ್ ಇಲ್ಲ, ದಪ್ಪ ತಳದ ಬಾಣಲೆ. ಓಟ್ಸ್, ಶೇಂಗಾ, ಬೆಲ್ಲ, ಸ್ವಲ್ಪ ತುಪ್ಪ. ಬಿಸಿಯಲ್ಲಿ ಪರಿಮಳ ಚೆನ್ನಾಗಿತ್ತು, ಆರಿದ ಮೇಲೆ ಒಂದೂ ಉಂಡೆ ಇಲ್ಲ, ಎಲ್ಲ ಪುಡಿ ಪುಡಿ. ಎಲ್ಲಿ ತಪ್ಪಿದೆ?

ಅಕ್ಕಲಕೋಟೆಯವ

ತಂಗೀ, ಬೆಲ್ಲದ ಪಾಕ ಮಾಡಿದ್ದಿರಾ, ಪುಡಿ ಬೆಲ್ಲವನ್ನೇ ಹಾಕಿದ್ದಿರಾ?

ಮಡಕಶಿರಾದಿಂದ

ಪುಡಿ ಬೆಲ್ಲವೇ ಅಣ್ಣಾ. ಮಧ್ಯೆ ಮಧ್ಯೆ ಕೈಯಾಡಿಸುತ್ತಲೇ ಇದ್ದೆ.

ಮಂಜೇಶ್ವರ, ಬೀಜದ ಕೆಲಸ

ಎರಡೂ ತಪ್ಪಿದೆ. ಓಟ್ಸ್ ಮತ್ತು ಶೇಂಗಾ ಬೇರೆ ಬೇರೆ ಹುರಿಯಿರಿ, ಎರಡಕ್ಕೂ ಬೇಕಾದ ಬಿಸಿ ಬೇರೆ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕಾಯಿಸಿ, ಬೆರಳ ನಡುವೆ ಎಳೆ ಬಂದ ಮೇಲೆ ತುಪ್ಪ ಹಾಕಿ, ಹುರಿದದ್ದನ್ನು ಸೇರಿಸಿ ಬೇಗ ಕಲಸಿ. ತಟ್ಟೆಗೆ ಸುರಿದು ಲೋಟದ ತಳದಿಂದ ಒತ್ತಿ. ಆಮೇಲೆ ಮುಟ್ಟಲೇಬೇಡಿ, ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ಪಾಕ ಮೆತ್ತಗೇ ಇರುತ್ತದೆ, ಆರಿದ ಮೇಲೆಯೇ ಹಿಡಿಯುವುದು. ಆಗ ಒಡೆದರೆ ಬೇಕಾದಷ್ಟು ದೊಡ್ಡ ಚೂರು ಸಿಗುತ್ತದೆ.

ನಮ್ಮ ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ಮೂರನೆಯ ದಿನಕ್ಕೆ ಚಪ್ಪೆ. ಒಣ ಗಾಜಿನ ಭರಣಿ, ಬಿಗಿ ಮುಚ್ಚಳ, ಒಣ ಚಮಚ. ಮೆತ್ತಗಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಸರಿಯಾಗುತ್ತದೆ.

ನೀರ್ಚಾಲು ತೋಟದಮನೆ

ಹನ್ನೊಂದು ದಿನಕ್ಕೆ ಉತ್ತರ ಬಂತು. ಕಂಪನಿ ಶುರು ಮಾಡಿದವರೇ ಬರೆದಿದ್ದಾರೆ. ಎಂಡೋಸಲ್ಫಾನ್ ಬಗ್ಗೆ ಪತ್ರಿಕೆಯಲ್ಲಿ ಓದಿದ್ದೆ, ಆದರೆ ಬೀಜ ಕೊಳ್ಳುವಾಗ ಒಮ್ಮೆಯೂ ನೆನಪಾಗಿರಲಿಲ್ಲ ಅಂತ ಬರೆದಿದ್ದಾರೆ. ಆ ಒಂದು ಸಾಲು ನನಗೆ ಹಿಡಿಸಿತು.

ಬೀಜ ತುಂಡು ಗ್ರೇಡ್. ಒಬ್ಬ ವ್ಯಾಪಾರಿಯಿಂದ ಕೊಳ್ಳುತ್ತಾರೆ, ಈ ಸಲದ್ದರಲ್ಲಿ ಅರ್ಧಕ್ಕೂ ಜಾಸ್ತಿ ಆಫ್ರಿಕಾದ ಕಚ್ಚಾ ಬೀಜ, ಇಲ್ಲಿ ಒಡೆದದ್ದು. ಲ್ಯಾಬಿನ ವರದಿ ಕಳಿಸಿದ್ದಾರೆ. ಮದ್ದುಗಳ ಹೆಸರಿನ ಉದ್ದ ಪಟ್ಟಿ. ಅದರಲ್ಲಿ ಎಂಡೋಸಲ್ಫಾನ್ ಅಂತ ಮೂರು ಸಾಲು ಇದೆ, ಆಲ್ಫಾ, ಬೀಟಾ, ಸಲ್ಫೇಟ್. ಮೂರರ ಮುಂದೆಯೂ "ಪತ್ತೆಯಾಗಿಲ್ಲ" ಅಂತ. ಆ ಮೂರು ಸಾಲನ್ನು ನಾನು ಬೆರಳಿಟ್ಟು ಓದಿದೆ. ಅಮ್ಮನಿಗೂ ಫೋನಿನಲ್ಲಿ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ "ಜೇನಿಂದು ನೋಡಿದ್ದಾರಾ?" ಅಂತ ಕೇಳಿದರು. ಜೇನಿನ ವರದಿ ಇಲ್ಲ. ಅದನ್ನು ಮತ್ತೆ ಕೇಳಿದ್ದೇನೆ.

ಬೀಜ ಒಡೆಯುವ ಹೆಂಗಸರ ಬಗ್ಗೆ, ವ್ಯಾಪಾರಿಯ ಫ್ಯಾಕ್ಟರಿಗೆ ತಾವು ಇದುವರೆಗೆ ಹೋಗಿಲ್ಲ ಅಂತ ಒಪ್ಪಿಕೊಂಡಿದ್ದಾರೆ, ಹೋಗಿ ನೋಡಿ ಬರೆಯುತ್ತಾರಂತೆ. ಉಪ್ಪಳದವರೇ, ನಿಮ್ಮ ಪ್ರಶ್ನೆಗೆ ಉತ್ತರ ಅರ್ಧ. ಹೋದ ವರ್ಷ ಲಾಭವೇ ಆಗಲಿಲ್ಲವಂತೆ, ಆದರೂ ಮಕ್ಕಳ ಊಟಕ್ಕೆ ಕೈಯಿಂದ ಕೊಟ್ಟಿದ್ದೇವೆ ಅಂತಾರೆ. ಎಷ್ಟು ಅಂತ ಬರೆದಿಲ್ಲ. ಇದು ಸಾಲದು ಅಂತ ನಾನು ಬರೆದಿದ್ದೇನೆ. ಪ್ಯಾಕೆಟಿನ ಮೇಲೆ ಅಚ್ಚು ಹಾಕಿದ ಮೇಲೆ ಲೆಕ್ಕವನ್ನೂ ಹಾಕಬೇಕು. ತಾಳವಾಡಿಯವರ ರಾಗಿ ಮಾತನ್ನೂ ಸೇರಿಸಿದ್ದೆ. ರಾಗಿ ಅರಳು ಹಾಕಿ ಒಂದು ಸಲ ಮಾಡಿದ್ದರಂತೆ, ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತಂತೆ, ಬಿಟ್ಟರು.

ತಾಳವಾಡಿ ರಾಗಿ ಹೊಲ

ಮರಳು ಸಿಕ್ಕಿದ್ದು ಕಣದ ಮಣ್ಣು ಇರಬೇಕು ಅಕ್ಕಾ, ರಾಗಿಯದ್ದಲ್ಲ. ತೊಳೆದು, ನೆರಳಲ್ಲಿ ಅರ್ಧ ಆರಿಸಿ, ಆಮೇಲೆ ಅರಳಿಸಬೇಕು. ಅವರ ವಿಳಾಸ ನನಗೆ ಕಳಿಸಿ, ಎರಡು ಕಿಲೋ ಶುದ್ಧ ಮಾಡಿ ಕಳಿಸಿಕೊಡುತ್ತೇನೆ.

ಮಡಕಶಿರಾದಿಂದ

ಪಾಕ ಹಿಡಿಯಿತು! ಲೋಟದಲ್ಲಿ ಒತ್ತಿ ಒಂದು ಗಂಟೆ ಮುಟ್ಟಲಿಲ್ಲ. ಮಗ ತಟ್ಟೆಯ ಪಕ್ಕದಲ್ಲೇ ಕಾದು ಕೂತಿದ್ದ. ಹೆಬ್ಬೆರಳಷ್ಟು ದೊಡ್ಡ ಚೂರುಗಳು ಬಂದವು.

ಬದಿಯಡ್ಕ ನರ್ಸಮ್ಮ

ಅಕ್ಕಾ, ಮಾವನವರ ವಿಷಯ ಏನಾಯಿತು?

ನೀರ್ಚಾಲು ತೋಟದಮನೆ

ಡಾಕ್ಟರು 30 ಗ್ರಾಂ, ವಾರಕ್ಕೆ ಮೂರು ದಿನ ಅಂದರು. ಸಣ್ಣ ಸ್ಟೀಲ್ ಬಟ್ಟಲಿಗೆ ಒಳಗಿನಿಂದ ಗೆರೆ ಹಾಕಿಟ್ಟಿದ್ದೇನೆ, ಆ ಗೆರೆಗೆ 30 ಗ್ರಾಂ. ಉಳಿದ ದಿನ ಕುಚ್ಚಿಲಕ್ಕಿ ಗಂಜಿ, ಮೊದಲಿನ ಹಾಗೆ.

ಉಪ್ಪಳದಿಂದ

ನನಗೂ ಒಂದು ಪ್ಯಾಕೆಟ್ ಬೇಕು ಅಕ್ಕಾ. ಹೆಂಡತಿ ಈ ಚರ್ಚೆ ಪೂರಾ ಓದಿದಳು. ಒಟ್ಟಿಗೆ ತರಿಸಿದರೆ ಪಾರ್ಸೆಲ್ ಖರ್ಚು ಉಳಿಯುತ್ತದೆ ಅಲ್ವಾ?

ನೀರ್ಚಾಲು ತೋಟದಮನೆ

ಉಳಿಯುತ್ತದೆ. ಇದುವರೆಗೆ ಐದು ಮನೆ ಆಯಿತು. ಆದರೆ ಜೇನಿನ ವರದಿ ಬರುವವರೆಗೆ ಹಣ ಕಳಿಸುವುದಿಲ್ಲ, ಅಮ್ಮನಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಬಂದ ದಿನ ಇಲ್ಲೇ ಹಾಕುತ್ತೇನೆ.